ಜಯಲತಾ ಎಬ್ಬಿಸಿದ ನೂರ ಎಂಬತ್ತು ಕಂಪ್ಯೂಟರ್

ಜಯಲತಾ ಶೆಟ್ಟಿಗಾರ್ ತೀರಿಕೊಂಡು ಏಳು ತಿಂಗಳಾಯಿತು. ಮಳೆಗಾಲದ ಜ್ವರ, ಒಂಬತ್ತು ದಿನ, ಅಷ್ಟೇ. ಆ ಒಂಬತ್ತು ದಿನಗಳ ಬಗ್ಗೆ ಬರೆಯಲು ನನ್ನಿಂದಾಗದು. ಆದರೆ ಅವಳ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೆ ಮೊದಲು ನಗುವೇ ಬರುತ್ತದೆ. ಅರವತ್ತು ಕಂಪ್ಯೂಟರುಗಳ ನಡುವೆ ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ ಜಯಲತಾ ಕಣ್ಣ ಮುಂದೆ ಬರುತ್ತಾಳೆ. ಆಗ ಅವಳಿಗೆ ನಲವತ್ತೆಂಟು ವರ್ಷ. ಒಂಬತ್ತು ವರ್ಷ ಕಾದು ಕೇಳಿ ಪಡೆದ ಅವಕಾಶ ಅವತ್ತು ಕೈಜಾರಿ ಹೋಗುತ್ತಿತ್ತು. ಅವಳು ನಗುತ್ತಿದ್ದಳು.

ಅವಳು ಹುಟ್ಟಿದ್ದು ಠಾಣೆಯ ಕೋಪರಿಯಲ್ಲಿ, ಚಾಳಿನ ಒಂದೇ ಕೋಣೆಯ ಮನೆಯಲ್ಲಿ. ತಂದೆ ಅಂಬರನಾಥದ ಬಟ್ಟೆ ಕಾರ್ಖಾನೆಯೊಂದರಲ್ಲಿ ಬಣ್ಣ ಹಾಕುವ ಕೆಲಸದಲ್ಲಿದ್ದರು. ಸಂಜೆ ಅವರು ಮನೆಗೆ ಬಂದಾಗ ಉಗುರು ಯಾವ ಬಣ್ಣದಲ್ಲಿರುತ್ತದೆ ಎಂದು ಮಕ್ಕಳು ಬೆಳಿಗ್ಗೆಯೇ ಪಂದ್ಯ ಕಟ್ಟುತ್ತಿದ್ದರಂತೆ. ಮನೆಯೊಳಗೆ ತುಳು, ಮೆಟ್ಟಿಲ ಮೇಲೆ ಮರಾಠಿ, ಏಳನೆಯ ತರಗತಿಯವರೆಗೆ ಕನ್ನಡ ಶಾಲೆ. ಆಮೇಲೆ ಬಿ.ಕಾಂ., ಡಾಟಾ ಎಂಟ್ರಿ, ಡೊಂಬಿವಲಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಗುಣಪಾಲನ ಜೊತೆ ಮದುವೆ. ಕೊನೆಗೆ ನವಿ ಮುಂಬಯಿಯ ಮಹಾಪೆಯಲ್ಲಿ ಬೇರೆ ಬೇರೆ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವ ಒಂದು ಕಂಪನಿಯಲ್ಲಿ ಟೆಲಿಫೋನ್ ಡೆಸ್ಕಿನ ಕೆಲಸ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಯಾರದೋ ಕಂಪ್ಯೂಟರ್ ಕೆಟ್ಟರೆ ಏನು ಮಾಡಬೇಕೆಂದು ಫೋನಿನಲ್ಲಿ ಹೇಳುವುದು. ಒಂಬತ್ತು ವರ್ಷ ಅದನ್ನೇ ಮಾಡಿದಳು. 'ನನ್ನ ಮುಖ ನೋಡದೆ ನನಗೆ ಬೈದವರು ಈ ಊರಲ್ಲಿ ಕನಿಷ್ಠ ನಾಲ್ಕು ಸಾವಿರ ಜನ ಇದ್ದಾರೆ' ಎನ್ನುತ್ತಿದ್ದಳು. ಅದನ್ನೂ ಹೆಮ್ಮೆಯಿಂದಲೇ ಹೇಳುತ್ತಿದ್ದಳು.

ನನಗೆ ಅವಳು ಸಿಕ್ಕಿದ್ದು ಲೋಕಲ್ ಟ್ರೇನಿನ ಹೆಂಗಸರ ಡಬ್ಬಿಯಲ್ಲಿ. ನಾನು ಠಾಣೆಯ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಡೊಂಬಿವಲಿಗೆ ಹೊಸದಾಗಿ ಮನೆ ಬದಲಿಸಿದ್ದೆ. ಒಂದು ಬೆಳಿಗ್ಗೆ ಬಾಗಿಲ ಹತ್ತಿರ ನುಗ್ಗಾಟದಲ್ಲಿ ನಿಂತು, ವಿಜಯಪುರದಲ್ಲಿದ್ದ ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಮೂರು ಜನರ ಸೀಟಿನಲ್ಲಿ ಮೂರನೆಯವಳಾಗಿ ಕೂತಿದ್ದ ದಪ್ಪನೆಯ ಹೆಂಗಸೊಬ್ಬಳು ನನ್ನ ಕನ್ನಡ ಕೇಳಿ ಕೈ ಬೀಸಿದಳು.

"ಬನ್ನಿ ಮಾರಾಯ್ತಿ, ಇಲ್ಲಿ ಜಾಗ ಉಂಟು."

ಅಲ್ಲಿ ಜಾಗ ಇರಲಿಲ್ಲ. ನಾಲ್ಕು ಬೆರಳು ಅಗಲದ ಹಲಗೆ ಇತ್ತು. ಕಿಟಕಿಯ ಪಕ್ಕದವಳು ಮುಖ ಸಿಂಡರಿಸಿದಳು. ಜಯಲತಾ ಅವಳ ತೊಡೆ ತಟ್ಟಿ, "ಥೋಡಾ ಸರಕೋ ನಾ ತಾಯಿ, ಎಲ್ಲರೂ ಮನುಷ್ಯರೇ" ಎಂದು ಮೂರು ಭಾಷೆ ಸೇರಿಸಿ ಹೇಳಿ ನನ್ನನ್ನು ಕೂರಿಸಿಬಿಟ್ಟಳು. ಲೋಕಲ್ ಟ್ರೇನಿನಲ್ಲಿ ನಾಲ್ಕನೆಯವಳಿಗೆ ಸಿಗುವುದು ಸೀಟಲ್ಲ, ಸೀಟಿನ ಭರವಸೆ. ಠಾಣೆಯವರೆಗೆ ಅರ್ಧ ಕೂತು ಅರ್ಧ ತೇಲಿದೆ. ಆ ದಿನದಿಂದ ಹತ್ತು ವರ್ಷ ನಾವಿಬ್ಬರೂ ಜೊತೆಯಲ್ಲೇ ಹೋದೆವು. ನಾನು ಠಾಣೆಯಲ್ಲಿ ಇಳಿಯುತ್ತಿದ್ದೆ, ಅವಳು ಅಲ್ಲಿಂದ ಇನ್ನೊಂದು ಟ್ರೇನು, ಶೇರ್ ರಿಕ್ಷಾ ಹಿಡಿದು ಮಹಾಪೆಗೆ.

ಆ ಡಬ್ಬಿಯಲ್ಲೇ ಅವಳು ತನ್ನ ಆಸೆಯನ್ನು ನನಗೆ ಹೇಳಿದ್ದು. ಅವಳ ಕಂಪನಿಯ ಹುಡುಗರು ಜೇಬಿನಲ್ಲಿ ಪೆನ್ ಡ್ರೈವ್ ಇಟ್ಟುಕೊಂಡು ಆಫೀಸು ಆಫೀಸಿಗೆ ಹೋಗಿ, ಒಂದೊಂದೇ ಕಂಪ್ಯೂಟರಿಗೆ ಹೊಸ ಸಿಸ್ಟಮ್ ಹಾಕುತ್ತಿದ್ದರು. ಐವತ್ತು ಕಂಪ್ಯೂಟರ್ ಇದ್ದರೆ ಒಂದು ವಾರ. ಜಯಲತಾ ರಜಾದಿನಗಳಲ್ಲಿ, ಗುಣಪಾಲನ ಅಂಗಡಿಯ ಹಿಂಬದಿಯಲ್ಲಿ ಮೂರು ಹಳೆಯ ಕಂಪ್ಯೂಟರ್ ಜೋಡಿಸಿಕೊಂಡು, ಅದೇ ಕೆಲಸ ತಾನಾಗಿ ಆಗುವ ವಿದ್ಯೆ ಕಲಿತಳು.

"ಮೂಲೆಯಲ್ಲಿ ಒಂದು ಸರ್ವರ್ ಕೂತಿರ್ತದೆ. ಅದರ ಹೊಟ್ಟೆಯಲ್ಲಿ ಸಿಸ್ಟಮ್ಮಿನ ಒಂದು ಮೂಲಪ್ರತಿ" ಎಂದು ನನಗೆ ವಿವರಿಸಿದ್ದಳು. "ಉಳಿದ ಕಂಪ್ಯೂಟರಿನ ಸ್ವಿಚ್ ಒತ್ತಿದ್ರೆ ಸಾಕು, ಅವೇ ವೈರಿನಲ್ಲಿ ಎಳ್ಕೊಳ್ತವೆ. ಹಳೆಯದು ಅಳಿಸು, ಹೊಸದು ಹಾಕು, ಅಪ್‌ಡೇಟ್ ಹಾಕು, ಆಫೀಸಿನ ಸಾಫ್ಟ್‌ವೇರ್ ಹಾಕು, ಹೆಸರಿಡು. ಎಲ್ಲ ಒಂದು ಪಟ್ಟಿ ಬರೆದಿಟ್ಟ ಹಾಗೆ. ನಾನು ಚಾ ಕುಡೀತಾ ಕೂತ್ಕೊಳ್ಳುದು."

ಆ ಕೆಲಸಕ್ಕೆ ಕಂಪನಿಯಲ್ಲಿ ಒಂದು ತಂಡ ಮಾಡುತ್ತಾರೆ, ಅದಕ್ಕೊಬ್ಬ ಮುಖ್ಯಸ್ಥರು ಬೇಕು ಎಂಬ ಸುದ್ದಿ ಬಂದಾಗ ಅವಳು ಅರ್ಜಿ ಹಾಕಿದಳು. ಅವಳ ಮ್ಯಾನೇಜರ್ ಮನೀಶನಿಗೆ ಮೂವತ್ತೊಂದು ವರ್ಷ. ಉಡುಪಿ ಕಡೆಯ ಮನೆತನದವನಾದರೂ ಇಲ್ಲೇ ಹುಟ್ಟಿ ಬೆಳೆದವನು. ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ. ಫೋನ್ ಡೆಸ್ಕಿನಲ್ಲಿ ಆರಾಮವಾಗಿದ್ದೀರಲ್ಲ ಆಂಟಿ, ಈ ವಯಸ್ಸಿನಲ್ಲಿ ಯಾಕೆ ತಲೆನೋವು ಎಂದನಂತೆ. ಆಂಟಿ ಎಂದದ್ದಕ್ಕೆ ಇವಳಿಗೆ ರೇಗಿತು. ಜಗಳವಾಡಿ ಒಂದು ಅವಕಾಶ ಪಡೆದಳು. ಆ ಅವಕಾಶವೇ ನಮ್ಮ ಕಾಲೇಜು.

ನಮ್ಮಲ್ಲಿ ಮೂರು ಕಂಪ್ಯೂಟರ್ ಲ್ಯಾಬುಗಳು, ಒಂದೊಂದರಲ್ಲಿ ಅರವತ್ತು. ಸೋಮವಾರ ಬೆಳಿಗ್ಗೆ ಅಲ್ಲಿ ನೌಕರಿಯ ನೇಮಕಾತಿ ಪರೀಕ್ಷೆ, ಎಲ್ಲವೂ ಕಂಪ್ಯೂಟರಿನ ಮೇಲೆ. ಪರೀಕ್ಷಾ ಕೇಂದ್ರದ ಉಸ್ತುವಾರಿ ನನ್ನ ತಲೆಗೆ ಬಿದ್ದಿತ್ತು. ಎಲ್ಲ ಕಂಪ್ಯೂಟರಿಗೂ ಹೊಸ ಸಿಸ್ಟಮ್ ಹಾಕಿ ಮುಗಿಸಬೇಕು, ಭಾನುವಾರ ಸಂಜೆ ಐದಕ್ಕೆ ಪರೀಕ್ಷಾ ಏಜೆನ್ಸಿಯ ತಪಾಸಣೆ. ಮನೀಶನ ಷರತ್ತು ಇಷ್ಟೇ: ನೂರ ಎಂಬತ್ತೂ ಎದ್ದು ನಿಂತು ಪರೀಕ್ಷೆ ನಡೆದರೆ ತಂಡ ಜಯಲತಾಳದು. ಒಂದು ಹೆಚ್ಚುಕಡಿಮೆಯಾದರೂ ಅವಳು ಮತ್ತೆ ಹೆಡ್‌ಫೋನಿಗೆ, ಈ ಮಾತು ಇನ್ನೊಮ್ಮೆ ಎತ್ತುವಂತಿಲ್ಲ.

ಶನಿವಾರ ಅವಳು ಮೂರು ಕಂಪ್ಯೂಟರಿನ ಮೇಲೆ ಪ್ರಯೋಗ ಮಾಡಿದಳು. ಅದು ಅವಳದೇ ನಿಯಮ. ಏನೇ ಹೊಸದು ಬಂದರೂ ಮೊದಲು ಮೂರರ ಮೇಲೆ, ಆಮೇಲೆ ಎಲ್ಲದರ ಮೇಲೆ. ಮೂರೂ ಸರಾಗವಾಗಿ ಎದ್ದವು. ನಾಲ್ಕೂ ಕಾಲಿಗೆ ನನಗೆ ಏಜೆನ್ಸಿಯಿಂದ ಇಮೇಲ್ ಬಂತು: ಈ ತಿಂಗಳ ಸೆಕ್ಯುರಿಟಿ ಅಪ್‌ಡೇಟ್ ಎಲ್ಲ ಯಂತ್ರಗಳಲ್ಲಿ ಇರಲೇಬೇಕು. ಲ್ಯಾಬಿಗೆ ಓಡಿದೆ. ಜಯಲತಾ ಬ್ಯಾಗು ಹೆಗಲಿಗೇರಿಸಿ ನಿಂತಿದ್ದಳು.

"ಇದೊಂದು ಸೇರಸ್ತೀ ಏನ ಜಯಾ? ಕಡೀ ಗಳಿಗ್ಯಾಗ ಕಳಸ್ಯಾರ ನೋಡು."

ಅವಳು ಫೋನಿನಲ್ಲಿ ಓದಿದಳು. ಗಡಿಯಾರ ನೋಡಿದಳು. ನಮ್ಮ ಫಾಸ್ಟ್ ಲೋಕಲಿಗೆ ಹದಿನೆಂಟು ನಿಮಿಷ ಇತ್ತು.

"ಮೂರರ ಮ್ಯಾಲ ನೋಡೂದಿಲ್ಲೇನು?" ಎಂದೆ.

"ಒಂದೇ ಒಂದಲ್ವಾ? ಬರ್ಲಿ, ಪಾಪ. ಉಳಿದದ್ದು ಸ್ವಲ್ಪ ಸರಿದು ಜಾಗ ಕೊಡ್ತವೆ." ಪಟ್ಟಿಯಲ್ಲಿ ಅದಕ್ಕೊಂದು ಗುರುತು ಹಾಕಿ, ಸರ್ವರಿನ ಬೆನ್ನು ತಟ್ಟಿ, ನನ್ನ ಕೈ ಹಿಡಿದು ಸ್ಟೇಶನ್ನಿಗೆ ಓಡಿದಳು. ಇಷ್ಟು ವರ್ಷ ನನ್ನಂಥವರಿಗೆ ನಾಲ್ಕನೆಯ ಸೀಟು ಮಾಡಿಕೊಟ್ಟವಳು ಇದಕ್ಕೂ ಮಾಡಿಕೊಟ್ಟಳು.

ಭಾನುವಾರ ಒಂಬತ್ತಕ್ಕೆ ಮೊದಲ ಲ್ಯಾಬು ಶುರುವಾಯಿತು. ಜಯಲತಾ ಮಗಳ ಮದುವೆಗೆ ಬಂದವಳಂತೆ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ನಮ್ಮ ಕಾಲೇಜಿನಲ್ಲಿ ಕಸ ಗುಡಿಸುವ ರಾಯಚೂರಿನ ಮಾನಮ್ಮ ಅವತ್ತು ಕೀಲಿಕೈ ತೆಗೆದುಕೊಂಡು ಬಂದಿದ್ದಳು. ಮೂವರೂ ಸಾಲು ಸಾಲಾಗಿ ಓಡಿ ಸ್ವಿಚ್ ಒತ್ತಿದೆವು. ಅರವತ್ತು ಪರದೆಗಳು ಬೆಳಗಿದವು. ಅಂಕಿ ಏರತೊಡಗಿತು. ಐದು, ಹತ್ತು, ಹದಿನೈದು. ಮಾನಮ್ಮನಿಗೆ ಇಂಗ್ಲಿಷ್ ಬರದು, ಅಂಕಿ ಬರುತ್ತದೆ. ಸಾಲಿನ ನಡುವೆ ತಿರುಗುತ್ತ ಕೂಗಿ ಹೇಳತೊಡಗಿದಳು.

"ಇದು ಮೂವತ್ತ್ ಆತ್ರೀ ಅಕ್ಕಾರ! ಇದು ಮೂವತ್ತೆರಡು! ಏ, ಈ ಮೂಲ್ಯಾಗಿಂದು ಇಪ್ಪತ್ತೆಂಟಕ್ಕ ಕುಂತೈತಿ, ಮೈಗಳ್ಳ!"

"ಬೈಬೇಡ ಮಾನಮ್ಮ, ಅದು ಹೆದರ್ತದೆ" ಎಂದಳು ಜಯಲತಾ.

ಹತ್ತೂ ಕಾಲಿಗೆ ಅಪ್‌ಡೇಟಿನ ಸರದಿ ಬಂತು. ಅರವತ್ತೂ ಯಂತ್ರಗಳು ಒಮ್ಮೆ ಆರಿ ಹೊತ್ತಿದವು. ಅದು ನಿರೀಕ್ಷಿತ. ಜಯಲತಾ ಚಪ್ಪಾಳೆ ತಟ್ಟಿದಳು. ಚಪ್ಪಾಳೆ ಮುಗಿಯುವುದರೊಳಗೆ ಅವು ಮತ್ತೊಮ್ಮೆ ಆರಿದವು. ಮತ್ತೆ ಹೊತ್ತಿದಾಗ ಅಂಕಿ ಇರಲಿಲ್ಲ. ಪರೀಕ್ಷೆಯ ಸಾಫ್ಟ್‌ವೇರ್ ಇರಲಿಲ್ಲ. ಅರವತ್ತು ನೀಲಿ ಪರದೆಗಳ ಮೇಲೆ ಒಂದೇ ಒಂದು ಇಂಗ್ಲಿಷ್ ವಾಕ್ಯ ಇತ್ತು.

"ಏನ ಕೇಳಾಕತ್ತಾವ್ರೀ?" ಎಂದಳು ಮಾನಮ್ಮ.

"ನೀವು ಯಾವ ದೇಶದವರು ಅಂತ ಕೇಳ್ಲಿಕತ್ತಾವ" ಎಂದೆ.

"ಮತ್ತ ರಾಯಚೂರ ಅಂತ ಹೇಳ್ರಲ್ಲಾ!"

ಜಯಲತಾ ಬಾಯಿ ತೆರೆದು ನಿಂತಿದ್ದಳು. ಅವಳು ಅಳುತ್ತಾಳೆಂದು ನಾನು ಹತ್ತಿರ ಹೋದೆ. ಅವಳ ಭುಜ ಅಲುಗುತ್ತಿತ್ತು. ನಿಧಾನವಾಗಿ ನೆಲಕ್ಕೆ ಕುಸಿದು ಕೂತಳು, ರೇಷ್ಮೆ ಸೀರೆ ಸಮೇತ.

"ಅರವತ್ತು ಜನ, ಅನಸೂಯಾ! ಅರವತ್ತು ಜನ ಒಟ್ಟಿಗೆ ಕೇಳ್ತಾ ಇದ್ದಾರೆ, ನೀವು ಎಲ್ಲಿಯವರು ಅಂತ! ನಮ್ಮ ಡಬ್ಬಿಯಲ್ಲಿ ಕೂಡ ಇಷ್ಟು ಜನ ಕೇಳ್ಲಿಲ್ಲ ಮಾರಾಯ್ತಿ!"

"ನಗಬ್ಯಾಡ ಜಯಾ, ನಿನ್ನ ಕೆಲಸ ಹೊಕ್ಕೇತಿ!" ಎಂದು ನಾನು ಗದರಿದೆ. ಗದರುತ್ತ ನನಗೂ ನಗು ಬಂತು. ಮಾನಮ್ಮ ಕಸಬರಿಗೆ ಊರಿಕೊಂಡು ನಕ್ಕಳು. ಆಗಲೇ ಮನೀಶನ ಫೋನ್ ಬಂತು. ಹೇಗೆ ನಡೆದಿದೆ ಎಂದು ಕೇಳಿದನಂತೆ. "ಎಲ್ಲ ಎದ್ದಿವೆ" ಎಂದಳು ಜಯಲತಾ, ಉಸಿರು ಬಿಗಿಹಿಡಿದು, "ಆದರೆ ಸ್ವಲ್ಪ ಮರೆವಾಗಿದೆ." ಫೋನಿಟ್ಟು ಮತ್ತೆ ನಕ್ಕಳು.

ಆಮೇಲೆ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಯಂತ್ರದ ಮುಂದೆ ಕೂತು, ಅದು ತನ್ನ ಹೊಟ್ಟೆಯಲ್ಲಿ ಬರೆದಿಟ್ಟುಕೊಂಡಿದ್ದ ದಾಖಲೆಯನ್ನು ಸಾಲು ಸಾಲಾಗಿ ಓದಿದಳು. ಇಪ್ಪತ್ತು ನಿಮಿಷದ ನಂತರ ನನ್ನತ್ತ ತಿರುಗಿ ಹೇಳಿದಳು.

"ನಿನ್ನೆ ನಾವು ಹತ್ತಿಸಿದ್ದೇವಲ್ಲ, ಅದೇ. ಕಂಪ್ಯೂಟರ್ ಮಲಗುವ ಮೊದಲು ನನ್ನ ಪಟ್ಟಿ ಒಂದು ಚೀಟಿ ಬರೆದಿಡ್ತದೆ, ಎದ್ದ ಮೇಲೆ ಇಲ್ಲಿಂದ ಮುಂದುವರಿಸು ಅಂತ. ಈ ಅಪ್‌ಡೇಟ್ ಒಮ್ಮೆ ಮಲಗಿ ಎದ್ದು, ಯಾರಿಗೂ ಹೇಳದೆ ಇನ್ನೊಮ್ಮೆ ಮಲಗ್ತದೆ. ಎರಡನೇ ಸಲಕ್ಕೆ ಚೀಟಿ ಇಲ್ಲ. ಎದ್ದ ಮೇಲೆ ಅದಕ್ಕೆ ಎಂತ ಗೊತ್ತು? ಯಾವ ದೇಶ ಅಂತ ಕೇಳ್ತದೆ." ಕನ್ನಡಕ ತೆಗೆದಿಟ್ಟು, "ಮೂರರ ಮೇಲೆ ನೋಡಿದ್ರೆ ನಿನ್ನೆಯೇ ಗೊತ್ತಾಗ್ತಿತ್ತು. ತಪ್ಪು ನಂದೇ" ಎಂದಳು.

ತಂದುಕೊಟ್ಟವಳು ನಾನು. ಅದನ್ನು ಹೇಳಲು ಹೋದರೆ ಕೈಯೆತ್ತಿ ತಡೆದಳು.

ಹನ್ನೊಂದಕ್ಕೆ ಮನೀಶ ಖುದ್ದಾಗಿ ಬಂದ. ಅರ್ಧ ತೋಳಿನ ಟೀ ಶರ್ಟು, ಕೈಯಲ್ಲಿ ಎರಡು ಫೋನು. ಅರವತ್ತು ಪರದೆಗಳನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು.

"ಯೇ ಕ್ಯಾ ಹೈ ಆಂಟಿ? ನಿಕಾಲ್ ದೋ ವೋ ಅಪ್‌ಡೇಟ್!"

"ತೆಗೆಯುವ ಹಾಗಿಲ್ಲ. ಏಜೆನ್ಸಿಯವರು ಅದನ್ನೇ ನೋಡ್ತಾರೆ."

"ಫಿರ್ ಲಡಕೋಂ ಕೋ ಬುಲಾತಾ ಹೂಂ. ಪೆನ್ ಡ್ರೈವ್ ಸೇ ಕರೇಂಗೆ."

"ಕರಿ. ಎಷ್ಟು ಹುಡುಗರು ಬರ್ತಾರೆ ಭಾನುವಾರ? ಐದು? ಸಂಜೆಯ ಒಳಗೆ ನಲವತ್ತು ಮುಗಿಸ್ತಾರೆ. ಉಳಿದ ನೂರ ನಲವತ್ತು?" ಎಂದು ಅವನಿಗೊಂದು ಕುರ್ಚಿ ಎಳೆದಳು. "ಕೂತ್ಕೋ ಮಗ. ನೀನು ಡೊಂಬಿವಲಿಯಲ್ಲಿ ಯಾವತ್ತಾದ್ರೂ ಬೆಳಿಗ್ಗೆ ಟ್ರೇನ್ ಹತ್ತಿದ್ದೀಯಾ?"

ಮನೀಶನಿಗೆ ಕಾರಿತ್ತು. ಇಲ್ಲವೆಂದು ತಲೆಯಾಡಿಸಿದ.

"ಅಲ್ಲಿ ಓಡುವ ಟ್ರೇನಿಗೆ ನುಗ್ಗಿದ್ರೆ ಸೀಟು ಸಿಗುದಿಲ್ಲ. ಅದಕ್ಕೆ ನಾವೆಲ್ಲ ಎಂತ ಮಾಡುದು? ಠಾಣೆಗೆ ಹೋಗಬೇಕಾದವರು ಮೊದಲು ಹಿಂದಕ್ಕೆ ಹೋಗುದು. ಕಲ್ಯಾಣಕ್ಕೆ. ಟ್ರೇನ್ ಹೊರಡುವ ಜಾಗದಲ್ಲೇ ಹತ್ತಿ ಆರಾಮಾಗಿ ಕೂತ್ಕೊಂಡು ಮುಂದೆ ಬರುದು. ನನ್ನ ಪಾಸು ಕೂಡ ಕಲ್ಯಾಣದಿಂದಲೇ ಉಂಟು."

ಅದು ನಿಜ. ಸೊಂಟ ನೋವು ಶುರುವಾದ ಮೇಲೆ ಅವಳು ಎಷ್ಟೋ ದಿನ ಹಾಗೇ ಹೋಗುತ್ತಿದ್ದಳು. ಇಪ್ಪತ್ತೈದು ನಿಮಿಷ ದಂಡವೆಂದು ನಾನು ಬೈಯುತ್ತಿದ್ದೆ.

"ತೋ?" ಎಂದ ಮನೀಶ.

"ಈ ಅಪ್‌ಡೇಟನ್ನು ಓಡುವ ಪಟ್ಟಿಯಲ್ಲಿ ಹತ್ತಿಸುದೇ ಬೇಡ. ಸರ್ವರಿನಲ್ಲಿ ಮೂಲಪ್ರತಿ ಉಂಟಲ್ಲ, ಅದರ ಒಳಗೇ ಕೂರಿಸುವ. ಮೂಲಪ್ರತಿ ಇಳಿಯುವಾಗಲೇ ಇದೂ ಒಳಗೆ ಕೂತ್ಕೊಂಡು ಬರ್ತದೆ. ಪಟ್ಟಿಯ ಮಧ್ಯದಲ್ಲಿ ಎದ್ದು ನಿಂತು ಗಲಾಟೆ ಮಾಡುದಿಲ್ಲ."

ಅದಕ್ಕೆ ಐವತ್ತು ನಿಮಿಷ ಬೇಕಿತ್ತು. ಆ ಐವತ್ತು ನಿಮಿಷ ಲ್ಯಾಬಿನಲ್ಲಿ ಏನೂ ನಡೆಯಲಿಲ್ಲ. ಸರ್ವರಿನ ಪರದೆಯ ಮೇಲೆ ಒಂದು ಗೆರೆ ಇರುವೆಯಂತೆ ತೆವಳುತ್ತಿತ್ತು, ಅಷ್ಟೆ. ಮನೀಶ ಎದ್ದ, ಕೂತ, ಕಾರಿಡಾರಿಗೆ ಹೋದ, ಬಂದ. ಜಯಲತಾ ಡಬ್ಬಿ ತೆರೆದು ಎಲ್ಲರಿಗೂ ಕೆಸುವಿನೆಲೆಯ ಪತ್ರೊಡೆ ಕೊಟ್ಟಳು. "ಕಲ್ಯಾಣ ಬಂತೇನ್ರೀ?" ಎಂದು ಮಾನಮ್ಮ ಐದೈದು ನಿಮಿಷಕ್ಕೆ ಕೇಳುತ್ತಿದ್ದಳು. "ಈಗ ಠಾಕುರ್ಲಿ" ಎಂದು ಇವಳು ನಡುವಿನ ಸ್ಟೇಶನ್ನಿನ ಹೆಸರು ಹೇಳುತ್ತಿದ್ದಳು. ಮನೀಶನೂ ಕೊನೆಗೆ ಪತ್ರೊಡೆ ತಿಂದ. ಎರಡನೆಯದಕ್ಕೆ ಕೈಚಾಚಿದ.

ಹನ್ನೆರಡಕ್ಕೆ ಮೂಲಪ್ರತಿ ಸಿದ್ಧವಾಯಿತು. ಮನೀಶ ಮೊದಲ ಸಾಲಿನ ಸ್ವಿಚ್ಚಿನ ಕಡೆ ಓಡಿದ. ಜಯಲತಾ ಅವನ ಟೀ ಶರ್ಟು ಹಿಡಿದು ನಿಲ್ಲಿಸಿದಳು.

"ಮೂರು. ಮೊದಲು ಮೂರು."

"ಆಂಟಿ, ಟೈಮ್ ಕಹಾಂ ಹೈ? ಏಕ್ ಘಂಟಾ ಜಾಯೇಗಾ!"

"ಹೋಗ್ಲಿ. ನಿನ್ನೆ ಟ್ರೇನ್ ತಪ್ಪುತ್ತದೆ ಅಂತ ಇದನ್ನೇ ಬಿಟ್ಟದ್ದು. ಇವತ್ತು ಬಿಡುದಿಲ್ಲ. ಬೇಕಾದ್ರೆ ನನ್ನನ್ನು ಈಗಲೇ ಫೋನಿಗೆ ಕಳಿಸು."

ಅವಳ ದನಿಯಲ್ಲಿ ನಗು ಇರಲಿಲ್ಲ. ಇಡೀ ದಿನದಲ್ಲಿ ಆ ಒಂದು ಗಂಟೆ ಮಾತ್ರ ಅವಳು ನಗಲಿಲ್ಲ. ಕಿಟಕಿಯ ಪಕ್ಕದ ಮೂರು ಯಂತ್ರಗಳ ಮುಂದೆ ನಾವು ನಾಲ್ವರೂ ಕೂತೆವು. ಬೆಳಿಗ್ಗೆ ಎಡವಿದ್ದ ಜಾಗ ಬಂತು. ಪರದೆ ಒಮ್ಮೆ ಆರಿತು, ಹೊತ್ತಿತು. ಮತ್ತೆ ಆರಲಿಲ್ಲ. ಅಂಕಿ ಮುಂದಕ್ಕೆ ಹೋಯಿತು. ಎಪ್ಪತ್ತೊಂದು. ಎಪ್ಪತ್ತೆರಡು.

"ಯಾವ ದೇಶ ಅಂತ ಕೇಳಲಿಲ್ಲಲ್ರೀ!" ಎಂದು ಮಾನಮ್ಮ ಚೀರಿದಳು. "ನಮ್ಮವು ಅಂತ ಗೊತ್ತಾಗೇತಿ!"

ಒಂದು ಗಂಟೆಯಿಂದ ನಾಲ್ಕೂ ಮುಕ್ಕಾಲರವರೆಗೆ ಏನಾಯಿತೆಂದು ಕ್ರಮವಾಗಿ ಹೇಳಲಾರೆ. ಮೂರು ಲ್ಯಾಬು, ಮೂರು ಸರದಿ. ಒಂದು ಮುಗಿಯುವ ಹೊತ್ತಿಗೆ ಮತ್ತೊಂದು. ಮಾನಮ್ಮ ಕಾರಿಡಾರಿನ ನಡುವೆ ನಿಂತು ಮೂರೂ ಬಾಗಿಲಿಗೆ ಕೇಳುವಂತೆ ಅಂಕಿ ಕೂಗುತ್ತಿದ್ದಳು, ಮನೀಶ ಆ ಕಡೆಯಿಂದ ಹಿಂದಿಯಲ್ಲಿ ಕೂಗುತ್ತಿದ್ದ, ನಾನು ನಡುವೆ ನಿಂತು ಕಾಗದದಲ್ಲಿ ಗುರುತು ಹಾಕುತ್ತಿದ್ದೆ. ಎರಡನೆಯ ಲ್ಯಾಬಿನಲ್ಲಿ ಒಂದು ಯಂತ್ರ ಏಳಲೇ ಇಲ್ಲ. ಜಯಲತಾ ಅದರ ಹಿಂದೆ ತೂರಿ, ಸಡಿಲವಾಗಿದ್ದ ವೈರು ಒತ್ತಿ, ಧೂಳು ಮೆತ್ತಿದ ಸೀರೆಯಲ್ಲಿ ಎದ್ದು ಬಂದು ನನ್ನ ಕೈ ಹಿಡಿದು ಸಾಲುಗಳ ನಡುವೆ ಒಂದು ಸುತ್ತು ಕುಣಿದಳು. ನನಗೆ ಕುಣಿಯಲು ಬರುವುದಿಲ್ಲ. ಅವಳಿಗೂ ಬರುತ್ತಿರಲಿಲ್ಲ.

ಏಜೆನ್ಸಿಯವರು ಐದಕ್ಕೆ ಬಂದು, ಅಲ್ಲೊಂದು ಇಲ್ಲೊಂದು ತೆರೆದು ನೋಡಿ, ಆ ಅಪ್‌ಡೇಟ್ ಇರುವುದನ್ನು ಖಚಿತಪಡಿಸಿಕೊಂಡು ಸಹಿ ಹಾಕಿ ಹೋದರು. ಜಯಲತಾ ಮನೀಶನ ಮುಖ ನೋಡಿದಳು. ಅವನು ಕಾರಿನ ಕೀಲಿ ತಿರುಗಿಸುತ್ತ, ನಾಳೆ ಪರೀಕ್ಷೆ ಶುರುವಾಗಲಿ, ಆಮೇಲೆ ಮಾತು ಎಂದ. ಷರತ್ತು ಷರತ್ತೇ.

ಸೋಮವಾರ ಒಂಬತ್ತೂವರೆಗೆ ಗಂಟೆ ಹೊಡೆಯಿತು. ನೂರ ಎಂಬತ್ತು ಅಭ್ಯರ್ಥಿಗಳು ಒಟ್ಟಿಗೆ ಕೀಲಿಮಣೆ ಮುಟ್ಟಿದರು. ನಾನು ಮೂರೂ ಲ್ಯಾಬುಗಳ ಬಾಗಿಲಲ್ಲಿ ನಿಂತು ಪ್ರತಿಯೊಂದು ಪರದೆ ಎಣಿಸಿದೆ. ಎಲ್ಲದರಲ್ಲೂ ಮೊದಲ ಪ್ರಶ್ನೆ ಮೂಡಿತ್ತು. ಹೊರಗೆ ಬಂದು ಅವಳ ಮೊಬೈಲಿಗೆ ಫೋನ್ ಮಾಡಿದೆ.

"ಅನಸೂಯಾ, ಒಂದ್ನಿಮಿಷ, ಲೈನಿನಲ್ಲಿ ಜನ ಇದ್ದಾರೆ" ಎಂದು ಮೊಬೈಲನ್ನು ಮೇಜಿನ ಮೇಲಿಟ್ಟಳು. ಅವಳಿನ್ನೂ ಫೋನ್ ಡೆಸ್ಕಿನಲ್ಲೇ ಇದ್ದಳು. ಯಾರದೋ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡಿತ್ತು. ನಾನು ಕಾರಿಡಾರಿನಲ್ಲಿ ನಿಂತು, ಸುದ್ದಿ ಗಂಟಲಲ್ಲಿ ಇಟ್ಟುಕೊಂಡು, ಹನ್ನೊಂದು ನಿಮಿಷ ಕೇಳಿದೆ. ಹಿಂದಿನ ಮುಚ್ಚಳ ತೆಗೆಯಿರಿ. ಹಸಿರು ಹಿಡಿಕೆ ಕಾಣುತ್ತದಾ? ಇಲ್ಲ ಸಾಹೇಬರೇ, ಅದು ನೀಲಿ. ಹಸಿರು. ನಿಧಾನ, ಹರಿಯಬೇಡಿ. ಒಂದು ಸಲವೂ ಅವಳ ದನಿ ಅವಸರಪಡಲಿಲ್ಲ. ಆ ಮನುಷ್ಯನಿಗೆ ಶುಭದಿನ ಹೇಳಿ, ಹೆಡ್‌ಫೋನ್ ತೆಗೆದಿಟ್ಟ ಸದ್ದಾಯಿತು.

"ಹೇಳು."

"ನೂರಾ ಎಂಬತ್ತೂ ನಡದಾವ ಜಯಾ. ಒಂದೂ ನಿಂತಿಲ್ಲ."

ಕುರ್ಚಿ ಹಿಂದಕ್ಕೆ ಬಿದ್ದ ಸದ್ದು. ಜಯಲತಾ ಮಹಾಪೆಯ ಆ ಇಡೀ ಮಹಡಿಗೆ ಕೇಳುವಂತೆ ತುಳುವಿನಲ್ಲಿ ಏನೋ ಕೂಗಿದಳು. ಉದ್ದದ ಮಾತು, ಒಂದೇ ಉಸಿರಿನಲ್ಲಿ. ಅದರಲ್ಲಿ ಮನೀಶನ ಹೆಸರೊಂದೇ ನನಗೆ ತಿಳಿಯಿತು. ತುಳು ಬಲ್ಲವರು ಅಲ್ಲಿ ಅನೇಕರಿದ್ದರೆಂದು ಕಾಣುತ್ತದೆ, ದೊಡ್ಡ ನಗು ಎದ್ದಿತು. ಆ ನಗುವಿನಲ್ಲಿ ಮನೀಶನ ದನಿಯೂ ಇತ್ತು.

ಸಂಜೆ ಟ್ರೇನಿನಲ್ಲಿ ಅದೇನೆಂದು ಕೇಳಬೇಕೆಂದುಕೊಂಡಿದ್ದೆ. ಸಂಜೆ ಅವಳು ಹೊಸ ಮೇಜು ಎಲ್ಲಿದೆ, ಕಿಟಕಿಯಿಂದ ಏನು ಕಾಣುತ್ತದೆ, ತಂಡದಲ್ಲಿ ಯಾರ್ಯಾರು ಎಂದು ಡೊಂಬಿವಲಿಯವರೆಗೂ ಹೇಳುತ್ತಲೇ ಇದ್ದಳು. ಆಮೇಲೆ ಹದಿನಾರು ತಿಂಗಳು ಅವಳು ಆ ಮೇಜಿನ ಮುಂದೆ ಕೂತಳು. ನಾನು ಕೇಳಲು ಮರೆತೆ.